ಪೇಟೆಯ ಹಕ್ಕು: ಬೇರೆ ಊರುಗಳ ಚರಿತ್ರೆಯಿಂದ ದಾವಣಗೆರೆ, ಹರಿಹರಕ್ಕೆ ಕೆಲವು ಪಾಠಗಳು



ಕೆಲವು ತಿಂಗಳ ಹಿಂದೆ ಒಂದು ಜುಮಾ ಖುತ್ಬಾದಲ್ಲಿ ನಾವು ದಾರಿಯ ಹಕ್ಕಿನ ವಿಷಯ ತೆಗೆದುಕೊಂಡಿದ್ದೆವು. ದಾರಿಬದಿಯಲ್ಲಿ ಕೂರುವುದನ್ನು ಬಿಡಬೇಕೆಂದು ಪ್ರವಾದಿ(ಸ)ರು ಹೇಳಿದಾಗ, ತಮಗೆ ಕೂತು ಮಾತನಾಡಲು ಬೇರೆ ಜಾಗವಿಲ್ಲವೆಂದು ಸಹಾಬಿಗಳು ಅರಿಕೆ ಮಾಡಿಕೊಂಡರು. ಹಾಗಿದ್ದರೆ ದಾರಿಗೆ ಅದರ ಹಕ್ಕು ಸಲ್ಲಬೇಕೆಂದು ಪ್ರವಾದಿ(ಸ)ರು ತಿಳಿಸಿದರು. ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳುವುದು, ಕೆಡುಕನ್ನು ತಡೆಯುವುದು ಆ ಹಕ್ಕಿನೊಳಗೆ ಬರುತ್ತವೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ.

ನಮಾಝ್ ಮುಗಿಸಿ ಹೊರಬಂದಾಗ ಮಸೀದಿಯ ಮುಂದಿನ ಬೀದಿ ತುಂಬ ನಮ್ಮದೇ ಬೈಕುಗಳು ನಿಂತಿದ್ದವು. ದಿನವೂ ಅಲ್ಲಿ ಗೋಡೆಯ ಪಕ್ಕ ಕೂತು ಹೂವು ಮಾರುವ ಅಜ್ಜಿಯೊಬ್ಬರು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತೇ ಇದ್ದರು. ನಮ್ಮನ್ನು ಕಂಡು, “ಸಾಬ್ರೇ, ಶುಕ್ರವಾರ ಬಂತಂದ್ರೆ ನನ್ನ ಜಾಗ ನಿಮ್ಮ ಗಾಡಿಗೆ ಹೋಗ್ತೈತಿ. ನಾ ಎಲ್ಲಿ ಕೂರ್ಲಿ ಹೇಳ್ರಿ?” ಎಂದರು. ಮನೆಮನೆಯಲ್ಲಿ ಪೂಜೆ ನಡೆಯುವ ಶುಕ್ರವಾರವೇ ಹೂವಿನವರಿಗೆ ನಾಲ್ಕು ಕಾಸು ಹೆಚ್ಚು ಸಿಗುವ ದಿನ. ಆ ದಿನದ ಮಧ್ಯಾಹ್ನವನ್ನು ನಾವು ಅವರಿಂದ ಕಿತ್ತುಕೊಂಡಿದ್ದೆವು. ಅದೂ ದಾರಿಯ ಹಕ್ಕಿನ ಬಗ್ಗೆ ಅರ್ಧ ಗಂಟೆ ಮಾತನಾಡಿ ಕೇಳಿದ ಮೇಲೆ.

ಆ ಪ್ರಶ್ನೆ ನಮ್ಮನ್ನು ಪುಸ್ತಕಗಳ ಕಡೆಗೆ ಕಳಿಸಿತು. ಪೇಟೆ ಯಾರದು? ಅದಕ್ಕೆ ಕಳೆ ಬರುವುದು ಹೇಗೆ, ಕಳೆಗುಂದುವುದು ಹೇಗೆ? ನಮ್ಮ ಊರಿನ ಚರಿತ್ರೆಯಲ್ಲೂ ಬೇರೆ ಊರುಗಳ ಚರಿತ್ರೆಯಲ್ಲೂ ಸಿಕ್ಕ ಉತ್ತರಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕರೆದು ಕೂರಿಸಿ ಬೆಳೆದ ಊರು

ದಾವಣಗೆರೆಗೆ ಚಿತ್ರದುರ್ಗದಂತೆ ಏಳು ಸುತ್ತಿನ ಕೋಟೆಯಿಲ್ಲ, ಮೈಸೂರಿನಂತೆ ಅರಮನೆಯಿಲ್ಲ. ಒಂದು ಕಾಲದಲ್ಲಿ ಇದು ಪಕ್ಕದ ಬೇತೂರಿಗೆ ಸೇರಿದ ಸಣ್ಣ ಹಳ್ಳಿ. 1761ರಿಂದ 1782ರವರೆಗೆ ಮೈಸೂರನ್ನು ಆಳಿದ ಹೈದರ್ ಅಲಿ ಇದನ್ನು ಆಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆಪೋಜಿರಾಮ ವರ್ತಕರನ್ನು ಕರೆಸಿ ಇಲ್ಲಿ ನೆಲೆಗೊಳ್ಳಲು ಉತ್ತೇಜನ ಕೊಟ್ಟನು. ಅವನಿಗೆ ವಾರಸುದಾರರಿರಲಿಲ್ಲ. ಅವನು ತೀರಿಕೊಂಡ ಮೇಲೂ ಪೇಟೆ ಬೆಳೆಯುತ್ತಲೇ ಹೋಯಿತೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ದೂರದ ವಾಲಾಜಾಪೇಟೆಗೆ ಹೋಗುತ್ತಿದ್ದವು, ಅಲ್ಲಿಂದ ಮದ್ರಾಸಿನ ಸರಕು ಬರುತ್ತಿತ್ತು. ಇಲ್ಲಿನ ಕಂಬಳಿಗೂ ಹೆಸರಿತ್ತು.

ಈ ಸಣ್ಣ ಕಥೆಯಲ್ಲಿ ಯಾರ್ಯಾರಿದ್ದಾರೆ ನೋಡಿ. ಜಹಗೀರು ಕೊಟ್ಟವನು ಮುಸ್ಲಿಮ್ ದೊರೆ, ಪೇಟೆ ಕಟ್ಟಿಸಿದವನು ಮರಾಠಾ ಸರದಾರ, ಅಂಗಡಿ ತೆರೆದವರಲ್ಲಿ ಹೆಚ್ಚಿನವರು ಲಿಂಗಾಯತ ವರ್ತಕರು, ಕಂಬಳಿ ನೇಯ್ದವರು ಕುರುಬರು. ನಮ್ಮ ಊರು ಒಬ್ಬರ ಊರಾಗಿ ಹುಟ್ಟಲಿಲ್ಲ. ಬರುವವರಿಗೆ ಜಾಗ ಕೊಟ್ಟದ್ದರಿಂದ ಊರಾಯಿತು.

ಮುಂದೆ ಇಲ್ಲಿ ಹತ್ತಿಗಿರಣಿಗಳು ಬಂದು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದಾಗಲೂ ಪೇಟೆಯ ಗುಣ ಅದೇ ಆಗಿತ್ತು. ಇಂದು ದೇಶಕ್ಕೆಲ್ಲ ಗೊತ್ತಿರುವ ಬೆಣ್ಣೆ ದೋಸೆಯ ಹುಟ್ಟನ್ನೇ ತೆಗೆದುಕೊಳ್ಳಿ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ ಎಂಬ ತಾಯಿ, ನಾಟಕದ ಥಿಯೇಟರಿನ ಹೊರಗೆ ದೋಸೆ ಹಾಕಿ ಮಾರಲು ತೊಡಗಿದರೆಂದು ಊರಿನವರು ಹೇಳುತ್ತಾರೆ. ನಾಟಕಕ್ಕೆ ಜನ ಸೇರುತ್ತಿದ್ದರು, ಜನ ಸೇರುವಲ್ಲಿ ಒಬ್ಬ ಪರವೂರ ಹೆಂಗಸಿಗೆ ಒಲೆ ಹೂಡಲು ಜಾಗ ಸಿಕ್ಕಿತು. ಆ ದಿನ ಯಾರಾದರೂ ಅವರನ್ನು ಎಬ್ಬಿಸಿ ಕಳಿಸಿದ್ದರೆ ದಾವಣಗೆರೆಯ ಹೆಸರಿನ ಜೊತೆ ದೋಸೆ ಸೇರುತ್ತಿರಲಿಲ್ಲ.

ಮದೀನಾದ ಮಾರುಕಟ್ಟೆ

ಪೇಟೆಯನ್ನು ಇಕ್ಕಟ್ಟು ಮಾಡಬಾರದೆಂಬ ಮಾತು ನಮಗೆ ಹೊಸದೇನಲ್ಲ. ಕ್ರಿ.ಶ. 622ರ ಹಿಜ್ರತ್‌ನ ನಂತರ ಪ್ರವಾದಿ(ಸ)ರು ಮದೀನಾದಲ್ಲಿ ಮಸೀದಿಯನ್ನು ಕಟ್ಟಿದರು, ಮಾರುಕಟ್ಟೆಗೂ ಜಾಗ ಗುರುತಿಸಿದರು. ಅಲ್ಲಿ ಜಾಗ ಕಿರಿದಾಗಬಾರದು, ಸುಂಕ ಹೇರಬಾರದು ಎಂದು ತಿಳಿಸಿದ್ದಾಗಿ ಇಬ್ನು ಮಾಜಾದಲ್ಲಿ ವರದಿಯಿದೆ. ಅದು ಬಯಲು ಮಾರುಕಟ್ಟೆ. ಮುಂದೆ ಒಬ್ಬ ಕಮ್ಮಾರ ಅಲ್ಲಿ ಕುಲುಮೆ ಹೂಡಿದಾಗ ಹಝ್ರತ್ ಉಮರ್(ರ) ಅದನ್ನು ತೆಗೆಸಿದರೆಂದು ಮದೀನಾದ ಚರಿತ್ರೆ ಬರೆದವರು ಹೇಳುತ್ತಾರೆ. ಎಲ್ಲರ ಜಾಗವನ್ನು ಒಬ್ಬನು ಕಾಯಂ ಆಗಿ ಹಿಡಿದುಕೊಂಡದ್ದು ಅಲ್ಲಿನ ತಕರಾರು.

ಹಝ್ರತ್ ಅಲಿ(ರ)ಯವರ ಕಾಲದ ಕೂಫಾದಲ್ಲಿ ಇದೇ ನಿಯಮ ಇನ್ನಷ್ಟು ಸ್ಪಷ್ಟವಾಯಿತು. ಮಾರುಕಟ್ಟೆಯೂ ಮಸೀದಿಯ ಹಾಗೆ, ಮೊದಲು ಬಂದು ಕೂತವನಿಗೆ ಆ ದಿನದ ಮಟ್ಟಿಗೆ ಆ ಜಾಗದ ಹಕ್ಕಿದೆ ಎಂಬುದು ಅವರ ತೀರ್ಪೆಂದು ವರದಿಯಾಗಿದೆ. ಮಸೀದಿಯ ಸಾಲಿನಲ್ಲಿ ಶ್ರೀಮಂತ ಬಂದನೆಂದು ಬಡವನನ್ನು ಎಬ್ಬಿಸುವಂತಿಲ್ಲ. ಪೇಟೆಯಲ್ಲೂ ಹಾಗೆಯೇ. ಈ ತೀರ್ಪನ್ನು ಓದುವಾಗ ನಮ್ಮ ಕಣ್ಣ ಮುಂದೆ ಬಂದದ್ದು ಹೂವಿನ ಬುಟ್ಟಿ ಹಿಡಿದು ನಿಂತ ಅಜ್ಜಿ.

ಹೆಂಗಸರ ವಿಷಯವನ್ನೂ ಹೇಳಬೇಕು. ಹಝ್ರತ್ ಉಮರ್(ರ) ಮಾರುಕಟ್ಟೆಯ ಕೆಲವು ಕೆಲಸಗಳನ್ನು ಶಿಫಾ ಬಿಂತ್ ಅಬ್ದುಲ್ಲಾಹ್(ರ) ಎಂಬ ಅಕ್ಷರಸ್ಥ ಮಹಿಳೆಗೆ ವಹಿಸಿದ್ದರೆಂದು ಕೆಲವು ಇತಿಹಾಸಕಾರರು ಬರೆದಿದ್ದಾರೆ. ಪೇಟೆ ಗಂಡಸರದು ಮಾತ್ರ ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ, ಮದೀನಾದಿಂದ ಬಂದದ್ದಂತೂ ಅಲ್ಲ.

ಬೀದರಿನ ಚೌಬಾರಾ, ದಿಲ್ಲಿಯ ಚಾಂದನಿ ಚೌಕ್

ನಮ್ಮ ನಾಡಿನಲ್ಲೇ ಇರುವ ಬೀದರ್‌ಗೆ ಹೋದವರು ಚೌಬಾರಾ ನೋಡಿರುತ್ತಾರೆ. ಹಳೇ ಊರಿನ ನಡುವೆ, ಮುಖ್ಯ ಬೀದಿಗಳು ಕೂಡುವಲ್ಲಿ ನಿಂತಿರುವ 71 ಅಡಿ ಎತ್ತರದ ದುಂಡು ಗೋಪುರ ಅದು. ಊರಿನ ನಾಲ್ಕೂ ಕಡೆಯಿಂದ ಕಾಣುತ್ತದೆ. ಅಲ್ಲಿಂದ ಕೋಟೆಯ ಕಡೆಗೆ ಹೋಗುವ ದಾರಿಯಲ್ಲೇ, ಬಹಮನಿ ಸುಲ್ತಾನರ ವಝೀರ ಮಹ್ಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ವಿದ್ಯೆಯ ಮನೆಯನ್ನು ಊರಾಚೆಯ ಗುಡ್ಡದ ಮೇಲೆ ಕಟ್ಟದೆ ಪೇಟೆಯ ದಾರಿಯಲ್ಲಿ ಕಟ್ಟಿದ್ದನ್ನು ಗಮನಿಸಿ. ಕೊಳ್ಳಲು ಬಂದವರಿಗೆ ಕಲಿಯುವವರು ಕಾಣಬೇಕು, ಕಲಿಯುವವರಿಗೆ ದುಡಿಯುವವರು ಕಾಣಬೇಕು. ಅಂಗಡಿಗಳಷ್ಟೇ ಇರುವ ಬೀದಿ ಶಟರ್ ಎಳೆದ ಕೂಡಲೇ ಸತ್ತಂತಾಗುತ್ತದೆ. ಮದರಸಾ, ಶಾಲೆ, ವಾಚನಾಲಯ, ಮಸೀದಿ, ಗುಡಿ, ನಾಟಕದ ಮನೆ ಇದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಜನ ಬರುತ್ತಲೇ ಇರುತ್ತಾರೆ.

ದಿಲ್ಲಿಯ ಚಾಂದನಿ ಚೌಕ್ ಕಟ್ಟಿಸಿದವರು ಶಾಹ್‌ಜಹಾನ್ ಬಾದಶಾಹನ ಮಗಳು ಜಹಾನಾರಾ ಬೇಗಮ್. ಅದು 1650ರ ಸುಮಾರಿನ ಮಾತು. ಬೀದಿಯ ನಡುವೆ ನೀರಿನ ಕಾಲುವೆ, ಚೌಕದಲ್ಲಿ ಕೊಳ, ಪಕ್ಕದಲ್ಲಿ ಪರವೂರಿನ ವರ್ತಕರಿಗೆ ದೊಡ್ಡ ಸರಾಯಿ ಇದ್ದವು. ಆ ಸರಾಯಿಯನ್ನು ಕಂಡ ಫ್ರೆಂಚ್ ಪ್ರವಾಸಿ ಬರ್ನಿಯರ್, ಪ್ಯಾರಿಸಿಗೆ ಬರುವ ಪರಸ್ಥಳದವರಿಗೂ ಇಂಥ ತಂಗುದಾಣಗಳಿದ್ದರೆ ಚೆನ್ನಾಗಿತ್ತೆಂದು ಬಯಸಿದ. ಬೇಗಮರು ಯೋಚಿಸಿದ್ದು ಮೂರೇ ಸಂಗತಿ: ನೀರು, ನೆರಳು, ಬಂದವರಿಗೆ ಒರಗಲು ಒಂದು ಜಾಗ.

1857ರ ದಂಗೆಯ ನಂತರ ಇಂಗ್ಲಿಷರು ಸರಾಯಿಯನ್ನು ಕೆಡವಿ ಅಲ್ಲಿ ಟೌನ್ ಹಾಲ್ ಕಟ್ಟಿದರು. ಕೊಳವಿದ್ದಲ್ಲಿ ಗಡಿಯಾರದ ಗೋಪುರ ಬಂತು, ಕಾಲುವೆ ಮುಚ್ಚಿಹೋಯಿತು. ಮೋಟಾರು ಗಾಡಿಗಳ ಕಾಲದಲ್ಲಿ ಅಲ್ಲಿ ನಡೆಯುವುದೇ ಕಷ್ಟವಾಯಿತು. 2021ರ ಸೆಪ್ಟೆಂಬರಿನಲ್ಲಿ ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗಿನ ಬೀದಿಯನ್ನು ಹೊಸದಾಗಿ ಹಾಸಿ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿಗಳಿಗೆ ನಿರ್ಬಂಧ ಹಾಕಲಾಯಿತು. ಕೂರಲು ಕಲ್ಲಿನ ಆಸನಗಳನ್ನಿಟ್ಟರು. ಆದರೆ ಕಾವಲು ಸಡಿಲಾದಲ್ಲೆಲ್ಲ ಬೈಕುಗಳು ಮತ್ತೆ ನುಗ್ಗಿದವೆಂಬ ದೂರುಗಳು ಬೇಗನೇ ಕೇಳಿಬಂದವು. ಕಲ್ಲು ಹಾಸುವುದು ಒಮ್ಮೆ ಮಾಡಿ ಮುಗಿಸುವ ಕೆಲಸ, ಕಾಯುವುದು ದಿನದಿನದ ಕೆಲಸ.

ವರ್ತಕರ ಹೆದರಿಕೆ

ಬೀದಿಗೆ ಗಾಡಿ ಬಿಡಬೇಡಿ ಎಂದರೆ ಮೊದಲು ಹೆದರುವವರು ಅಂಗಡಿಯವರು. ಗಿರಾಕಿ ಗಾಡಿ ನಿಲ್ಲಿಸಲಾಗದಿದ್ದರೆ ಬರುವುದೇ ಇಲ್ಲ ಎಂಬುದು ಅವರ ಚಿಂತೆ. ನಮ್ಮ ಜಮಾಅತ್‌ನ ಬಟ್ಟೆ, ಪಾತ್ರೆ, ಚಪ್ಪಲಿ ಅಂಗಡಿಯ ಸಹೋದರರೂ ಇದನ್ನೇ ಹೇಳುತ್ತಾರೆ. ಸಾಲ ತೀರಿಸಬೇಕಾದವನ ಹೆದರಿಕೆಯನ್ನು ಹಗುರವಾಗಿ ಕಾಣಬಾರದು.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಸ್ಟ್ರೊಯೆಟ್ ಎಂಬ ಪೇಟೆಬೀದಿಗೆ ಗಾಡಿಗಳನ್ನು ನಿಲ್ಲಿಸಿದಾಗ ಅಲ್ಲಿನ ವರ್ತಕರೂ ಹೀಗೆಯೇ ಹೆದರಿದ್ದರು. ಅದಕ್ಕೇ ಮೊದಲು ಅದನ್ನು ಪ್ರಯೋಗವೆಂದು ಮಾಡಿದರು. ನಡೆದು ಬರುವವರು ಹೆಚ್ಚಾದರು, ನಿಂತು ನೋಡುವವರು ಹೆಚ್ಚಾದರು, ವ್ಯಾಪಾರ ಉಳಿಯಿತು, ಬೆಳೆಯಿತು. ಪ್ರಯೋಗ ಕಾಯಂ ಆಯಿತು. ಮುಂದಿನ ವರ್ಷಗಳಲ್ಲಿ ಅಕ್ಕಪಕ್ಕದ ಬೀದಿಗಳೂ ಒಂದೊಂದಾಗಿ ಸೇರಿಕೊಂಡವು. ಒಂದೇ ದಿನ ಇಡೀ ಪೇಟೆಯನ್ನು ಬದಲಿಸಲಿಲ್ಲ.

ಅಷ್ಟು ದೂರ ಯಾಕೆ, 2020ರ ನವೆಂಬರಿನಿಂದ ಕೆಲವು ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಶನಿವಾರ, ಭಾನುವಾರ ಗಾಡಿಗಳನ್ನು ನಿಲ್ಲಿಸಿ ನಡೆಯುವವರಿಗೆ ಬಿಟ್ಟಿದ್ದರು. ಮಕ್ಕಳು ರಸ್ತೆಯ ನಡುವೆ ಓಡಾಡಿದರು. ಈ ಎರಡೂ ಊರುಗಳ ಪಾಠ ಒಂದೇ: ಸಣ್ಣದಾಗಿ ಶುರು ಮಾಡಿ, ಒಂದು ಬೀದಿ, ವಾರಕ್ಕೊಂದು ದಿನ. ನೋಡಿ, ಲೆಕ್ಕ ಹಾಕಿ, ಆಮೇಲೆ ಮುಂದೆ ಹೋಗಿ.

ಇಂದಿನ ದಾವಣಗೆರೆ

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ದೇಶದ ಮೊದಲ 20 ನಗರಗಳಲ್ಲಿ ಕರ್ನಾಟಕದಿಂದ ಇದ್ದದ್ದು ಬೆಳಗಾವಿ ಮತ್ತು ನಮ್ಮ ದಾವಣಗೆರೆ. ಮಂಡಿಪೇಟೆ, ಚೌಕಿಪೇಟೆಯ ಹಳೇ ಬೀದಿಗಳಲ್ಲಿ ನಡೆಯುವವರಿಗೆ ಇದರಿಂದ ಏನು ಸಿಕ್ಕಿತೆಂದು ಪ್ರತಿಯೊಬ್ಬರೂ ತಮ್ಮ ಕಾಲನ್ನೇ ಕೇಳಿಕೊಳ್ಳಬಹುದು. ಫುಟ್‌ಪಾತ್ ಇರುವಲ್ಲಿ ಅಂಗಡಿಯ ಸಾಮಾನು ಇದೆ. ಸಾಮಾನು ಇಲ್ಲದಲ್ಲಿ ಬೈಕು ಇದೆ. ಬಸುರಿ ಸೊಸೆಯನ್ನು ಕರೆದುಕೊಂಡು ಸೀರೆ ಕೊಳ್ಳಲು ಬಂದ ಅತ್ತೆಗೆ ಕೂರಲು ಒಂದು ಕಟ್ಟೆಯಿಲ್ಲ, ಹೆಂಗಸರಿಗೆ ಹತ್ತಿರದಲ್ಲಿ ಶುಚಿಯಾದ ಶೌಚಾಲಯ ಸಿಗುವುದು ಅಪರೂಪ. ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ನಿಂತು ಬೆಳೆದ ನಮ್ಮ ತಲೆಮಾರಿಗೆ, ಊರಿನ ನಡುವೆ ಕಾಯುವುದು ಎಂದರೆ ಹೊಗೆ ಕುಡಿಯುತ್ತ ನಿಲ್ಲುವುದು ಎಂದೇ ರೂಢಿಯಾಗಿಬಿಟ್ಟಿದೆ.

ಆ ಯೋಜನೆಯಲ್ಲಿ ಮಂಡಕ್ಕಿ ಭಟ್ಟಿ ಬಡಾವಣೆಯ ಸುಧಾರಣೆಯ ಮಾತೂ ಇತ್ತು. ಊರಿನ ಮಂಡಕ್ಕಿ, ಮೆಣಸಿನಕಾಯಿಯ ರುಚಿಯನ್ನು ಎಲ್ಲರೂ ಬಲ್ಲರು. ಆ ಮಂಡಕ್ಕಿಯನ್ನು ಹುರಿಯುವ ಭಟ್ಟಿಯ ಮುಂದೆ ಬೆಂದವರಲ್ಲಿ ನಮ್ಮ ಕುಟುಂಬಗಳು ಬಹಳ. ಭಟ್ಟಿಗೆ ಹಳೇ ಟೈರು ಹಾಕಿ ಉರಿಸಿದ ಹೊಗೆಯನ್ನು ಕುಡಿದವರೂ ಅವರೇ, ಅವರ ಮಕ್ಕಳೇ. ಉಮರ್(ರ) ತೆಗೆಸಿದ ಕುಲುಮೆಯ ಕಥೆಯನ್ನು ಇಲ್ಲಿ ಅವಸರದಿಂದ ಅನ್ವಯಿಸಬಾರದು. ಕುಲುಮೆಯ ಕಮ್ಮಾರ ಒಬ್ಬನು, ಇಲ್ಲಿ ಒಂದು ಬಡಾವಣೆಯ ಅನ್ನವೇ ಇದೆ. ಹೊಗೆ ಹೋಗಬೇಕು, ಕಸುಬು ಉಳಿಯಬೇಕು. ಶುಚಿಯಾದ ಉರುವಲು, ಸುಧಾರಿಸಿದ ಒಲೆ, ಪೇಟೆಯಲ್ಲಿ ತಾವೇ ಮಾರಲು ಜಾಗ ಸಿಕ್ಕರೆ ಈ ಕಸುಬೇ ಊರಿನ ಹೆಮ್ಮೆಯಾಗಬಹುದು. ಪೇಟೆ ಚಂದ ಮಾಡುವ ಹೆಸರಿನಲ್ಲಿ ಬಡವನನ್ನು ಊರಾಚೆ ಹಾಕಿದರೆ ಆಪೋಜಿರಾಮ ಮಾಡಿದ್ದಕ್ಕೆ ತಿರುಗುಮುರುಗು ಮಾಡಿದಂತಾಗುತ್ತದೆ.

ತಳ್ಳುಗಾಡಿ ಮತ್ತು ಬುಟ್ಟಿಯ ವ್ಯಾಪಾರಿಗಳಿಗೆ ಕಾನೂನಿನ ಬೆಂಬಲವೂ ಇದೆ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂತು. ಪ್ರತಿ ಊರಿನಲ್ಲೂ ಒಂದು ಸಮಿತಿ ಇರಬೇಕು, ಅದರಲ್ಲಿ ಶೇ. 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎಂದು ಅದು ಹೇಳುತ್ತದೆ. ಸಮೀಕ್ಷೆ ಮಾಡಿ ಗುರುತಿನ ಚೀಟಿ ಕೊಡುವ ಮೊದಲು ಯಾರನ್ನೂ ಎಬ್ಬಿಸಬಾರದೆಂದೂ ಹೇಳುತ್ತದೆ. ಹಣ್ಣಿನ ಗಾಡಿ ತಳ್ಳುವ ನಮ್ಮ ಸಹೋದರರಲ್ಲಿ ಎಷ್ಟು ಮಂದಿಯ ಹತ್ತಿರ ಆ ಚೀಟಿ ಇದೆ? ಓದು ಬಲ್ಲ ಯುವಕರು ಅರ್ಜಿ ತುಂಬಿಸಿಕೊಡುವುದೂ ಒಂದು ಸದಕಾ.

ಹರಿಹರದ ಸೇತುವೆ, ಹರಿಹರದ ದಡ

ದಾವಣಗೆರೆಯಿಂದ ಹಳೇ ಪೂನಾ–ಬೆಂಗಳೂರು ರಸ್ತೆಯಲ್ಲಿ ಸ್ವಲ್ಪ ಹೊತ್ತು ಹೋದರೆ ಹರಿಹರ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅಲ್ಲಿದೆ. ಶೈವರ ಮತ್ತು ವೈಷ್ಣವರ ದೇವರನ್ನು ಒಂದೇ ಮೂರ್ತಿಯಲ್ಲಿ ಕೂಡಿಸಿದ ಆ ಗುಡಿಯಿಂದಲೇ ಊರಿಗೆ ಹೆಸರು ಬಂತು. ತುಂಗಭದ್ರೆ ಆಗ ಮೈಸೂರು ಸೀಮೆಗೂ ಬೊಂಬಾಯಿ ಪ್ರಾಂತಕ್ಕೂ ನಡುವಿನ ಗಡಿ. 1868ರಲ್ಲಿ ಕಮಾನುಗಳ ಸೇತುವೆಯೊಂದು ಆ ಎರಡು ದಡಗಳನ್ನು ಬೆಸೆಯಿತು. ಬೇರೆ ಬೇರೆ ಜನ ಬಂದು ಕೂಡುವ ಊರೆಂಬುದು ಹರಿಹರದ ಹುಟ್ಟುಗುಣ.

1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಪಾಳಿ ಮುಗಿದು ಸೈಕಲ್ಲುಗಳ ಸಾಲು ಹೊರಬಂದರೆ ಪೇಟೆಗೆ ಹಬ್ಬವೇ ಬಂದಂತಿತ್ತೆಂದು ಹರಿಹರದ ಹಿರಿಯರು ನಮಗೆ ಹೇಳಿದ್ದಾರೆ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿದಾಗ ಕಾರ್ಮಿಕರ ಮನೆಯ ಒಲೆಯ ಜೊತೆ ಪೇಟೆಯ ಸಂಜೆಯೂ ಆರಿತು. ಒಂದೇ ಕಂಬದ ಮೇಲೆ ನಿಂತ ಚಪ್ಪರ ಆ ಕಂಬ ಬಿದ್ದರೆ ಉಳಿಯದು. ಬೀದರಿನ ಚೌಬಾರಾದ ಬಳಿ ಕಂಡ ಪಾಠ ಇಲ್ಲೂ ಅದೇ: ಜನ ಬರಲು ಒಂದಕ್ಕಿಂತ ಹೆಚ್ಚು ಕಾರಣಗಳಿರಬೇಕು.

ಹರಿಹರಕ್ಕೆ ದೇವರು ಕೊಟ್ಟ ದೊಡ್ಡ ಬಯಲು ಹೊಳೆಯ ದಡ. ದಡದಲ್ಲಿ ಕಸ ಸುರಿಯದಿದ್ದರೆ, ನಾಲ್ಕು ಮರ ನೆಟ್ಟು ನಾಲ್ಕು ಕಟ್ಟೆ ಕಟ್ಟಿದರೆ, ಸಂಜೆ ದೀಪ ಉರಿದರೆ ಹೆಂಗಸರು ಮಕ್ಕಳು ಧೈರ್ಯವಾಗಿ ಬಂದು ಕೂರುತ್ತಾರೆ. ಅದಕ್ಕೆ ಕೋಟಿಗಟ್ಟಲೆ ಹಣಕ್ಕಿಂತ ಮೊದಲು ಊರಿನವರ ಒಪ್ಪಂದ ಬೇಕು.

ನಮ್ಮ ಬಾಗಿಲಿನಿಂದ

ಮಹಾನಗರ ಪಾಲಿಕೆ ಮಾಡಬೇಕಾದದ್ದನ್ನು ಪಾಲಿಕೆಯ ಹತ್ತಿರ ಕೇಳೋಣ. ಆದರೆ ಬೇರೆ ಊರುಗಳ ಚರಿತ್ರೆ ಓದಿ ನಾವು ತಿಳಿದುಕೊಂಡ ಸಂಗತಿ ಸರಳ. ಚೌಕಕ್ಕೆ ಕಳೆ ಕೊಡುವವರು ಅಲ್ಲಿ ದಿನವೂ ನಡೆಯುವವರು, ಕೂರುವವರು, ಮಾರುವವರು. ಅವರ ಹಕ್ಕನ್ನು ಮೊದಲು ಕಸಿಯುವವರೂ ಹಲವು ಸಲ ನಾವೇ ಆಗಿರುತ್ತೇವೆ.

ಆ ಶುಕ್ರವಾರದ ನಂತರ ನಮ್ಮ ಮಸೀದಿಯ ಕಮಿಟಿಯವರು ಕೂತು ಮಾತನಾಡಿದರು. ಎಲ್ಲರೂ ಒಪ್ಪಲಿಲ್ಲ. ವಾರಕ್ಕೆ ಒಂದು ಗಂಟೆಯ ಮಾತು, ಅದಕ್ಕೆ ಇಷ್ಟೊಂದು ಯಾಕೆ ಎಂದವರೂ ಇದ್ದರು. ಕೊನೆಗೆ ಸ್ವಲ್ಪ ದೂರದ ಖಾಲಿ ಜಾಗವೊಂದರ ಮಾಲೀಕರು ಶುಕ್ರವಾರ ಬೈಕು ನಿಲ್ಲಿಸಲು ಅನುಮತಿ ಕೊಟ್ಟರು. ನಾಲ್ಕು ಯುವಕರು ಅದಾನ್‌ಗೆ ಮುಂಚೆಯೇ ಬೀದಿಯಲ್ಲಿ ನಿಂತು ಬೈಕುಗಳನ್ನು ಅತ್ತ ಕಳಿಸುತ್ತಾರೆ. ಮಸೀದಿಯ ಗೋಡೆಗೆ ತಾಗಿ ಒಂದು ಕಟ್ಟೆ ಕಟ್ಟಿ, ಮಡಕೆಯಲ್ಲಿ ಕುಡಿಯುವ ನೀರು ಇಟ್ಟೆವು. ನೀರು ಯಾರಿಗೆಂದು ಬೋರ್ಡು ಹಾಕಲಿಲ್ಲ, ಬಾಯಾರಿದವರೆಲ್ಲರಿಗೂ.

ಪೂರ್ತಿ ಸರಿಹೋಯಿತೆಂದು ಹೇಳಲಾರೆವು. ತಡವಾಗಿ ಬಂದ ಒಂದಿಬ್ಬರು ಇಂದಿಗೂ ಗೋಡೆಗೆ ಒರಗಿಸಿ ಬೈಕು ನಿಲ್ಲಿಸಿ ಒಳಗೆ ಓಡುತ್ತಾರೆ. ಚಾಂದನಿ ಚೌಕಿನ ಕಾವಲಿನ ಪಾಠ ನಮಗೂ ಇದೆ. ಆದರೆ ಕಳೆದ ಶುಕ್ರವಾರ ನಮಾಝ್ ಮುಗಿಸಿ ಹೊರಬಂದಾಗ ಅಜ್ಜಿ ತಮ್ಮ ಜಾಗದಲ್ಲೇ ಕೂತಿದ್ದರು. ಕಟ್ಟೆಯ ಮೇಲೆ ಯಾರೋ ಇಬ್ಬರು ಹೆಂಗಸರು ಮಕ್ಕಳ ಜೊತೆ ದಣಿವಾರಿಸಿಕೊಳ್ಳುತ್ತಿದ್ದರು, ಒಬ್ಬರು ನಮ್ಮವರು, ಒಬ್ಬರು ಅಜ್ಜಿಯ ಹತ್ತಿರ ಹೂವು ಕೊಂಡವರು.

ಈ ತಿಂಗಳು ಪ್ರತಿ ಮನೆಯವರೂ ಒಂದು ಕೆಲಸ ಮಾಡಿ. ಮಕ್ಕಳನ್ನು ಕರೆದುಕೊಂಡು ಪೇಟೆಯಲ್ಲಿ ನಡೆದು ಬನ್ನಿ. ನಿಮ್ಮ ಅಂಗಡಿಯ ಮುಂದೆ, ನಿಮ್ಮ ಮಸೀದಿಯ ಮುಂದೆ ನಡೆಯುವವನಿಗೆ ಅಡ್ಡವಾದದ್ದು ಏನಿದೆ ಎಂದು ಅವರನ್ನೇ ಕೇಳಿ. ಮಕ್ಕಳಿಗೆ ಬೇಗ ಕಾಣುತ್ತದೆ. ಕಂಡದ್ದರಲ್ಲಿ ಒಂದನ್ನಾದರೂ ತೆಗೆಯಿರಿ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದೂ ಸದಕಾ ಎಂದು ನಮಗೆ ಕಲಿಸಲಾಗಿದೆ.

ಬರುವವರಿಗೆ ಜಾಗ ಕೊಟ್ಟು ಬೆಳೆದ ಈ ಊರಿನಲ್ಲಿ ಇನ್ನೊಬ್ಬರ ಜಾಗವನ್ನು ಕಾಯುವವರಾಗಿ ಬಾಳಲು ಅಲ್ಲಾಹನು ನಮಗೆಲ್ಲರಿಗೂ ತೌಫೀಕ್ ನೀಡಲಿ. ಆಮೀನ್.